ನರ್ಸ್ ಮನೆಗೆ ಬರುತ್ತೇನೆ ಅಂದರೆ ಬೇಡ ಅನ್ನಬೇಡ

ತಂಗಿ, ಕಲಬುರಗಿಯ ಬ್ರಹ್ಮಪುರದಿಂದ ಇಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ಡರ್ಹಮ್‌ಗೆ ಬರುತ್ತಿದ್ದೀಯ, ಹೆರಿಗೆ ಇಲ್ಲೇ ಆಗುತ್ತದೆ, ಜೊತೆಗೆ ಐದು ವರ್ಷದ ಮಗನಿದ್ದಾನೆ ಎಂದು ಬರೆದಿದ್ದೀಯ. ಹೆರಿಗೆಯಾದ ಮೇಲೆ ನರ್ಸ್ ಮನೆಗೆ ಬಂದು ತಪಾಸಣೆ ಮಾಡುತ್ತಾರಂತೆ, ಬೇಡ ಅನ್ನಬಹುದಾ ಎಂದು ಕೇಳಿದ್ದೀಯ. ಮಗನಿಗೆ ಒಂದೇಟು ಕೊಟ್ಟರೂ ಸರ್ಕಾರದವರು ಕರೆದುಕೊಂಡು ಹೋಗುತ್ತಾರಂತೆ ಎಂಬ ಹೆದರಿಕೆಯೂ ಇದೆ.

ಬೇಡ ಅನ್ನಬಹುದು, ಬಲವಂತ ಇಲ್ಲ. ಆದರೆ ದಯವಿಟ್ಟು ಅನ್ನಬೇಡ.

ಆ ಭೇಟಿಗೆ ಫ್ಯಾಮಿಲಿ ಕನೆಕ್ಟ್ಸ್ ಎಂದು ಹೆಸರು. ದುಡ್ಡು ಕೊಡಬೇಕಿಲ್ಲ. ಡರ್ಹಮ್ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯ ಹಾಗೆ, ಕೂಸು ಹುಟ್ಟಿದ ಮನೆ ಯಾವುದೇ ಇರಲಿ, ಬಡವರದೋ ಡಾಕ್ಟರದೋ, ನರ್ಸ್ ಬರಲು ಸಿದ್ಧ. ನನಗೆ ಇದರಲ್ಲಿ ಜಾಸ್ತಿ ಹಿಡಿಸಿದ್ದೇ ಇದು. ಅನುಮಾನ ಇದ್ದವರ ಮನೆಗೆ ಮಾತ್ರ ಹೋದರೆ ಯಾರು ಬಾಗಿಲು ತೆಗೆಯುತ್ತಾರೆ? ಎಲ್ಲರ ಮನೆಗೂ ಬಂದರೆ ನಾಚಿಕೆಪಡುವುದೇನಿದೆ? ನಮ್ಮಲ್ಲಿ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ ಕಾರ್ಯಕರ್ತೆ 3ನೇ ದಿನದಿಂದ 42ನೇ ದಿನದೊಳಗೆ ಆರು ಸಲ ಮನೆಗೆ ಬರಬೇಕು. ಅವರಿಗೆ ನಾವು ಹೆದರುವುದಿಲ್ಲ, ಅಲ್ವಾ?

ಇಲ್ಲಿನ ನರ್ಸ್ ಸಾಮಾನ್ಯವಾಗಿ ಕೂಸಿಗೆ ಮೂರು ವಾರ ಆಗುವ ಹೊತ್ತಿಗೆ ಬರುತ್ತಾರೆ. ಕೂಸಿನ ತೂಕ, ನಿನ್ನ ಬಿಪಿ ನೋಡುತ್ತಾರೆ. ಆಮೇಲೆ ಕೂತು ಕೇಳುತ್ತಾರೆ. ಹಾಲು ಸಾಕಾಗುತ್ತಾ, ಸುಮ್ನೆ ಸುಮ್ನೆ ಅಳು ಬರುತ್ತಾ, ಮನೆಯಲ್ಲಿ ಯಾರಾದರೂ ಕೈ ಮಾಡುತ್ತಾರಾ, ಕೂಸನ್ನು ನೋಡಿಕೊಳ್ಳಲು ಜನ ಇದ್ದಾರಾ. ಏನು ಬೇಕೋ ಅದಕ್ಕೆ ಎಲ್ಲಿಗೆ ಹೋಗಬೇಕು ಎಂದು ದಾರಿ ತೋರಿಸುತ್ತಾರೆ.

ಮಕ್ಕಳಿಗೆ ಪೆಟ್ಟು ಬೀಳುವುದು ಬಹಳ ಸಲ ಹೆತ್ತವರು ಸೋತು ಸುಣ್ಣವಾದಾಗ. ರಾತ್ರಿಯೆಲ್ಲ ಅಳುವ ಕೂಸು, ಬೆಳಿಗ್ಗೆ ಕೆಲಸಕ್ಕೆ ಹೋಗುವ ಗಂಡ. ಒಂದು ಗಳಿಗೆ ಎತ್ತಿಕೊಳ್ಳಲು ಅವ್ವ ಇಲ್ಲ, ಓಣಿಯ ಕಾಕಿ ಇಲ್ಲ. ಆ ಸಿಟ್ಟಿನಲ್ಲಿ ಕೂಸನ್ನು ಜೋರಾಗಿ ಅಲುಗಾಡಿಸಿದರೆ ಮೆದುಳಿಗೇ ಪೆಟ್ಟಾಗುತ್ತದೆ. ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಪಕ್ಕದ ಕೋಣೆಗೆ ಹೋಗು, ತಪ್ಪಿಲ್ಲ ಎಂದು ಹೇಳಲಿಕ್ಕಾದರೂ ಒಬ್ಬರು ಬೇಕು.

ಇದರಿಂದ ಉಪಯೋಗ ಇದೆಯಾ ಎಂದು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 2009ರ ಜುಲೈನಿಂದ 2010ರ ಡಿಸೆಂಬರ್‌ವರೆಗೆ ಸಮ ಸಂಖ್ಯೆಯ ತಾರೀಖಿನಲ್ಲಿ ಹುಟ್ಟಿದ ಕೂಸುಗಳ ಮನೆಯವರನ್ನಷ್ಟೇ ಈ ಭೇಟಿಗೆ ಸೇರಿಸಿಕೊಂಡರು. ಬೆಸ ತಾರೀಖಿನವರ ಜೊತೆ ಹೋಲಿಸಿದರು. ಮಕ್ಕಳಿಗೆ ಐದು ವರ್ಷ ಆಗುವ ಹೊತ್ತಿಗೆ ಸಮ ತಾರೀಖಿನ ಮನೆಗಳಲ್ಲಿ ಮಕ್ಕಳ ರಕ್ಷಣಾ ವಿಭಾಗದ ತನಿಖೆ ಶೇ 39ರಷ್ಟು ಕಡಿಮೆ ಇತ್ತು. ನೀನು ಹೆದರುತ್ತಿರುವುದು ಆ ತನಿಖೆಗೇ ತಾನೆ?

ಒಂದು ಮಾತು ಮುಚ್ಚಿಡಬಾರದು. ನಾರ್ತ್ ಕ್ಯಾರೊಲಿನಾದಲ್ಲಿ ಮಗುವಿಗೆ ಹಿಂಸೆಯಾಗುತ್ತಿದೆ ಎಂಬ ಅನುಮಾನ ಬಂದರೆ ಯಾರೇ ಆದರೂ ತಿಳಿಸಲೇಬೇಕು. ಟೀಚರ್, ಪಕ್ಕದ ಮನೆಯವರು, ಈ ನರ್ಸ್ ಕೂಡ. ಹೆತ್ತವರ ಒಂದೇಟೇ ಇಲ್ಲಿ ಅಪರಾಧ ಅಲ್ಲ. ಗಾಯವಾದರೆ, ಬಾಸುಂಡೆ ಎದ್ದರೆ ಮಾತು ಬೇರೆ. ಆಗಲೂ ಮೊದಲು ವಿಚಾರಿಸುತ್ತಾರೆ, ಹೆಚ್ಚಿನ ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ನನ್ನ ಕೇಳಿದರೆ ಆ ಒಂದೇಟೂ ಬೇಡ. ಹೊಸ ಊರು, ಹೊಸ ಭಾಷೆ, ಮೇಲೆ ಹೊಸ ತಮ್ಮನೋ ತಂಗಿಯೋ. ಮಗ ಹಟ ಮಾಡದೆ ಇರುತ್ತಾನಾ? ಹಟವನ್ನು ಹೇಗೆ ಸಂಭಾಳಿಸಬೇಕು ಎಂದು ಹೆತ್ತವರಿಗೆ ಕಲಿಸುವ ತರಗತಿಗಳೂ ಇಲ್ಲಿವೆ, ನರ್ಸ್ ಬಂದಾಗ ಅದನ್ನೂ ಕೇಳು.

ಹೆರಿಗೆಗೆ ಮೊದಲೇ ಆಸ್ಪತ್ರೆಯಲ್ಲಿ ಈ ಭೇಟಿಯ ಬಗ್ಗೆ ವಿಚಾರಿಸು. ಆ ದಿನ ಗಂಡನೂ ಮನೆಯಲ್ಲಿರಲಿ. ಬಾಣಂತನಕ್ಕೆ ಅವ್ವ ಬಂದಿದ್ದರೆ ಅವರನ್ನೂ ಕೂರಿಸು. ಎಣ್ಣೆ ನೀರು, ಲೋಬಾನದ ಹೊಗೆ, ಬಜೆ ಎಲ್ಲ ನರ್ಸ್‌ಗೆ ಹೇಳಿ ಕೇಳಲಿ. ವರ್ಷ ತುಂಬುವವರೆಗೆ ಕೂಸಿಗೆ ಜೇನು ಮಾತ್ರ ಬೇಡವೇ ಬೇಡ. ಅಪಾರ್ಟ್‌ಮೆಂಟಿನಲ್ಲಿ ಹೊಗೆ ಹಾಕಿದರೆ ಅಲಾರಂ ಹೊಡೆದುಕೊಳ್ಳುತ್ತದೆ, ಅದನ್ನೂ ಅವ್ವನಿಗೆ ಮೊದಲೇ ಹೇಳಿಡು. ಮಗನ ಲಸಿಕೆ ಕಾರ್ಡ್ ಮರೆಯದೆ ತಾ, ಶಾಲೆಗೆ ಸೇರಿಸುವಾಗ ಕೇಳುತ್ತಾರೆ.