ಡೆಡ್‌ಲಿಫ್ಟ್‌ನಲ್ಲಿ ಬೆರಳು ಬಿಚ್ಚಿಕೊಳ್ಳುತ್ತಿದ್ದರೆ ಗ್ರಿಪ್ಪರ್ ಕೊಳ್ಳಬೇಕೇ?

ನೀವೂ ಕಾರವಾರದವರೇ ಎಂದು ಬರೆದಿದ್ದೀರಿ. ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ಭಾರದ ಬಾರನ್ನು (ಕಬ್ಬಿಣದ ಸರಳು) ಎತ್ತಿ ನೆಟ್ಟಗೆ ನಿಲ್ಲುವ ವ್ಯಾಯಾಮದಲ್ಲಿ, 100 ಕಿಲೋ ದಾಟಿದ ಮೇಲೆ ಬೆನ್ನು, ಕಾಲು ಎರಡೂ ಒಪ್ಪುತ್ತವೆ, ಬೆರಳು ಮಾತ್ರ ಬಿಚ್ಚಿಕೊಳ್ಳುತ್ತದೆ. ಹ್ಯಾಂಡ್ ಗ್ರಿಪ್ಪರ್ (ಮುಷ್ಟಿಯಲ್ಲಿ ಒತ್ತುವ ಸ್ಪ್ರಿಂಗ್ ಹಿಡಿ) ಕೊಂಡು ದಿನವೂ ಒತ್ತಲೇ ಎಂಬುದು ನಿಮ್ಮ ಪ್ರಶ್ನೆ. ಸದ್ಯಕ್ಕೆ ಅದಕ್ಕೆ ದುಡ್ಡು ಹಾಕಬೇಡಿ. ಗ್ರಿಪ್ಪರ್ ಬೆಳೆಸುವುದು ಹಿಂಡುವ ಬಲವನ್ನು. ಡೆಡ್‌ಲಿಫ್ಟ್‌ಗೆ ಬೇಕಾದದ್ದು ಮಡಚಿದ ಬೆರಳು ಭಾರಕ್ಕೆ ಸಡಿಲವಾಗದಂತೆ ತಡೆದು ನಿಲ್ಲುವ ಬಲ. ನಮ್ಮ ಕಡಲತೀರದಲ್ಲಿ ರಂಪಣಿ ಬಲೆಯನ್ನು ದಡಕ್ಕೆ ಎಳೆಯುವ ಮೀನುಗಾರರ ಕೈ ಗಮನಿಸಿ. ಹಗ್ಗವನ್ನು ಯಾರೂ ಹಿಂಡುವುದಿಲ್ಲ. ಬೆರಳುಗಳನ್ನು ಕೊಕ್ಕೆಯಂತೆ ಹಾಕಿ, ಮೈಭಾರವನ್ನು ಹಿಂದಕ್ಕೆ ಕೊಟ್ಟು ಹಿಡಿದೇ ಇರುತ್ತಾರೆ. ನಿಮಗೆ ಬೇಕಾದ ಹಿಡಿತ ಅದೇ.

ಆದರೆ ಕರಾವಳಿಯಲ್ಲಿ ಮೊದಲು ಅನುಮಾನಿಸಬೇಕಾದದ್ದು ಬೆವರನ್ನು. ಮಳೆಗಾಲದಲ್ಲಂತೂ ಬಾರ್ ಮುಟ್ಟಿದರೇ ಜಿಗುಟು. ಅದರ ಮೇಲಿನ ಗೀರುಗಳಲ್ಲಿ ಹಳೆಯ ಬೆವರು, ಕೊಳೆ ತುಂಬಿದ್ದರೆ ಎಂಥ ಕೈಯೂ ಜಾರುತ್ತದೆ. ಗಟ್ಟಿ ನೈಲಾನ್ ಬ್ರಷ್‌ನಿಂದ ಉಜ್ಜಿ, ಕೈ ಒರೆಸಿ, ಚಾಕ್ ಹಚ್ಚಿಕೊಂಡು ಅದೇ ಭಾರ ಎತ್ತಿ ನೋಡಿ. ಚಾಕ್ ಎಂದರೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಅಲ್ಲ, ಅದು ಇನ್ನಷ್ಟು ಜಾರಿಸುತ್ತದೆ. ಪುಡಿ ಚೆಲ್ಲುತ್ತದೆ ಎಂದು ಜಿಮ್‌ನವರು ಬೇಡವೆಂದರೆ ದ್ರವರೂಪದ ಚಾಕ್ ಸಿಗುತ್ತದೆ. ಬಾರನ್ನು ಅಂಗೈಯ ನಡುವೆ ಇಟ್ಟುಕೊಳ್ಳಬೇಡಿ. ಎತ್ತುವಾಗ ಅದು ಉರುಳಿ ಬೆರಳಿನ ಬುಡಕ್ಕೆ ಬಂದು ಅಲ್ಲಿನ ಚರ್ಮವನ್ನು ಚಿವುಟುತ್ತದೆ, ಹಿಡಿತವೂ ಸಡಿಲವಾಗುತ್ತದೆ. ಮೊದಲೇ ಬೆರಳಿನ ಬುಡದಲ್ಲಿ ಕೂರಿಸಿ, ಹೆಬ್ಬೆರಳಿನಿಂದ ಬಿಗಿಯಿರಿ.

ಇಷ್ಟಾದರೂ ಜಾರಿದರೆ ಕೊರತೆ ಬಲದ್ದೇ. ಹಾಗಿದ್ದರೆ ವಾರಕ್ಕೆ ಎರಡು ದಿನ, ಮುಖ್ಯ ವ್ಯಾಯಾಮ ಮುಗಿದ ಮೇಲೆ ಹಿಡಿತದ ಅಭ್ಯಾಸ ಮಾಡಿ. ಮೊದಲೇ ಮಾಡಿದರೆ ದಣಿದ ಕೈಯಿಂದ ಡೆಡ್‌ಲಿಫ್ಟ್‌ಗೆ ಹೋಗಬೇಕಾಗುತ್ತದೆ. ಕೊನೆಯ ಹಗುರ ಸೆಟ್‌ನಲ್ಲಿ, ಎರಡೂ ಅಂಗೈ ನಿಮ್ಮತ್ತ ಇರುವಂತೆ ಹಿಡಿದು, ಮೇಲೆ ನಿಂತ ಸ್ಥಿತಿಯಲ್ಲೇ ಹತ್ತು-ಹದಿನೈದು ಸೆಕೆಂಡ್ ತಡೆಯಿರಿ. ಇನ್ನೊಂದು ದಿನ ಪುಲ್‌ಅಪ್ ಕಂಬಿಗೆ ಅರ್ಧ ನಿಮಿಷದಷ್ಟು ಜೋತುಬೀಳಿ, ಮೂರು ಸಲ. ಮನೆಯಲ್ಲಾದರೆ 20 ಲೀಟರಿನ ಎರಡು ಕ್ಯಾನ್ ತುಂಬಿಸಿ ಅಂಗಳದಲ್ಲಿ ನಡೆಯಿರಿ. ಕೈಗೊಂದರಂತೆ 20 ಕಿಲೋ ನೀರು ಆರಂಭಕ್ಕೆ ಸಾಕು.

ದಿನವೂ ಮಾತ್ರ ಬೇಡವೇ ಬೇಡ. ಸ್ನಾಯು ಬೇಗ ಬಲಿಯುತ್ತದೆ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು ನಿಧಾನ. ಆತುರಪಟ್ಟವರಿಗೆ ಮೊದಲು ನೋವು ಕಾಣಿಸುವುದು ಮೊಣಕೈಯ ಒಳಬದಿಯಲ್ಲಿ. ಬೆರಳು ಬಿಡಿಸುವ ಸ್ನಾಯುಗಳನ್ನೂ ಮರೆಯಬೇಡಿ: ಬಕೆಟ್‌ನಲ್ಲಿ ಕುಚ್ಚಲಕ್ಕಿ ಹಾಕಿ, ಮುಷ್ಟಿಯನ್ನು ಒಳಗಿಳಿಸಿ, ನಿಧಾನವಾಗಿ ಬೆರಳು ಅಗಲಿಸಿ. ಬೆರಳು ಜೋಮು ಹಿಡಿಯತೊಡಗಿದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಸ್ಟ್ರಾಪ್ (ಮಣಿಕಟ್ಟನ್ನು ಬಾರಿಗೆ ಬಿಗಿಯುವ ಪಟ್ಟಿ) ಕಟ್ಟಿಕೊಳ್ಳುವುದು ನಾಚಿಕೆಯ ಸಂಗತಿಯೇನಲ್ಲ. ಹಗುರ ಸೆಟ್‌ಗಳನ್ನೆಲ್ಲ ಬರಿಗೈಯಲ್ಲಿ ಮುಗಿಸಿ, ಕೊನೆಯ ಭಾರದ ಸೆಟ್‌ಗೆ ಕಟ್ಟಿಕೊಳ್ಳಿ. ಹಿಡಿತ ಬೆಳೆಯುವವರೆಗೆ ಬೆನ್ನು ಏಕೆ ಕಾಯಬೇಕು? ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಇಳಿಯುವ ಆಸೆಯಿದ್ದರೆ ಮಾತ್ರ ಸ್ಟ್ರಾಪನ್ನು ಈಗಿನಿಂದಲೇ ಬಿಡಿ, ಅಲ್ಲಿ ಅದಕ್ಕೆ ಅವಕಾಶವಿಲ್ಲ.