ಕ್ಯಾಬಿನೆಟ್ ಜೊತೆ ಬಂದ ಎಸ್‌ಎಂಪಿಎಸ್

ಪ್ರಶ್ನೆ: ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ್ದೇನೆ. 500 ವ್ಯಾಟ್ ಎಸ್‌ಎಂಪಿಎಸ್ (ಸಿಸ್ಟಮ್‌ಗೆ ಕರೆಂಟ್ ಕೊಡುವ ಡಬ್ಬ) ಕ್ಯಾಬಿನೆಟ್ ಜೊತೆಗೇ ಬಂದಿತ್ತು. ಸಿನಿಮಾ ನೋಡಿದರೆ ಏನೂ ತೊಂದರೆ ಇಲ್ಲ. ಗೇಮ್ ಶುರುಮಾಡಿ ಹತ್ತು ನಿಮಿಷಕ್ಕೆ ಪಟ್ ಅಂತ ಆಫ್. ಕಾರ್ಡ್ ಹೋಗಿದೆಯಾ? (ವಿದ್ಯಾನಗರ, ದಾವಣಗೆರೆ)

ಬಹುಶಃ ಹೋಗಿಲ್ಲ. ಇನ್ನೂ ಹೋಗಿಲ್ಲ ಅನ್ನಬೇಕೇನೋ.

ಈ ಪ್ರಶ್ನೆ ಬರದ ತಿಂಗಳೇ ಇಲ್ಲ. ಊರು ಬದಲಾಗುತ್ತೆ, ಕಾರ್ಡ್ ಬದಲಾಗುತ್ತೆ, ಆ ತಗಡಿನ ಡಬ್ಬ ಮಾತ್ರ ಅದೇ. ಪ್ರೊಸೆಸರ್ ಆರಿಸೋಕೆ ವಾರಗಟ್ಟಲೆ ಯೂಟ್ಯೂಬ್ ನೋಡುತ್ತೀರಿ. ಎಸ್‌ಎಂಪಿಎಸ್ ಯಾವುದು ಅಂದರೆ "ಕ್ಯಾಬಿನೆಟ್ ಜೊತೆ ಬರುತ್ತಲ್ಲ ಸಾರ್" ಅಂತೀರಿ.

ಒಂದು ಕೆಲಸ ಮಾಡಿ. ಪ್ಲಗ್ ಕಿತ್ತು, ಪಕ್ಕದ ತಗಡು ತೆಗೆದು, ಎಸ್‌ಎಂಪಿಎಸ್ ಮೇಲಿನ ಲೇಬಲ್ ಓದಿ. ದೊಡ್ಡ ಅಕ್ಷರದ 500 ಬಿಟ್ಟುಬಿಡಿ. ಸಣ್ಣ ಅಕ್ಷರದಲ್ಲಿ +12 ವೋಲ್ಟ್ ಅಂತ ಇದ್ದು, ಅದರ ಕೆಳಗೆ ಆಂಪ್ಸ್ ಬರೆದಿರುತ್ತೆ. ಎರಡನ್ನೂ ಗುಣಿಸಿ. ಮೊನ್ನೆ ನನ್ನ ಟೇಬಲ್ ಮೇಲೆ ಬಂದದ್ದರಲ್ಲಿ 16 ಆಂಪ್ಸ್ ಇತ್ತು. ಹನ್ನೆರಡು ಹದಿನಾರಲೆ 192. ಹೊರಗೆ 500, ಒಳಗೆ 192.

ಗೇಮ್ ಆಡುವಾಗ ಪ್ರೊಸೆಸರ್, ಕಾರ್ಡ್ ಎರಡೂ ಎಳೆಯೋದು ಈ 12 ವೋಲ್ಟ್ ಲೈನಿಂದಲೇ. ನಿಮ್ಮ ಕಾರ್ಡ್‌ಗೆ 132 ವ್ಯಾಟ್. 5600ಕ್ಕೆ 65 ಅಂತ ಬರೆದಿದ್ದರೂ 76ರವರೆಗೆ ಹೋಗುತ್ತೆ. ಅಲ್ಲಿಗೆ 208 ಆಯಿತು, ಫ್ಯಾನು ಬೋರ್ಡು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಸಿನಿಮಾಗೆ ಇಷ್ಟೆಲ್ಲ ಬೇಡ, ಅದಕ್ಕೇ ಆಗ ಸುಮ್ಮನಿರುತ್ತೆ. ಗೇಮಲ್ಲಿ ಆಫ್ ಆಗುತ್ತಿರೋದು ನಿಮ್ಮ ಪುಣ್ಯ. ಕೆಲವು ಡಬ್ಬಗಳಿಗೆ ಆಫ್ ಆಗೋದೂ ಗೊತ್ತಿಲ್ಲ.

ಇಂಥವುಗಳಲ್ಲಿ ಕಾರ್ಡ್‌ಗೆ ಬೇಕಾದ 8 ಪಿನ್ ಕೇಬಲ್ಲೇ ಇರಲ್ಲ. ಹಾರ್ಡ್‌ಡಿಸ್ಕ್‌ನ ಹಳೇ 4 ಪಿನ್ ವೈರಿಗೆ ಕನ್ವರ್ಟರ್ ಸಿಕ್ಕಿಸಿ ಕೊಟ್ಟಿರಬೇಕು, ಅಲ್ವಾ? ಹಿರಿಯೂರಿನ ಹುಡುಗನೊಬ್ಬ ಹಾಗೇ ಮಾಡಿಸಿಕೊಂಡ ಸಿಸ್ಟಮ್ ತಂದಿದ್ದ. ಬಿಳಿ ಪ್ಲಾಸ್ಟಿಕ್ ಕಂದು ತಿರುಗಿತ್ತು. ಒಂದು ಪಿನ್ ಕರಗಿ ಎಷ್ಟು ಅಂಟಿಕೊಂಡಿತ್ತೆಂದರೆ ಕಟಿಂಗ್ ಪ್ಲೇಯರ್ ಹಾಕಿ ಎಳೆದರೂ ಬರಲಿಲ್ಲ. ಮನೆಯಲ್ಲಿ ಮೂರು ದಿನದಿಂದ ಸುಟ್ಟ ವಾಸನೆಯಂತೆ. ಅವರಮ್ಮ ಸ್ವಿಚ್‌ಬೋರ್ಡ್ ಇರಬೇಕು ಅಂತ ಎಲೆಕ್ಟ್ರಿಷಿಯನ್ ಕರೆಸಿದ್ದರು. ಹುಡುಗ ಗೇಮ್ ಆಡುತ್ತಲೇ ಇದ್ದ.

ಆರ್‌ಎಕ್ಸ್ 6600ಗೆ 450 ವ್ಯಾಟ್ ಸಾಕು ಅಂತ ಎಎಂಡಿಯವರೇ ಹೇಳುತ್ತಾರೆ. ಒಳ್ಳೆಯ 450ರಲ್ಲಿ 12 ವೋಲ್ಟ್ ಲೈನೊಂದರಲ್ಲೇ 36 ಆಂಪ್ಸ್ ಆಸುಪಾಸು ಇರುತ್ತೆ. ನಾನು ಸ್ವಲ್ಪ ಅಂಜುಬುರುಕ, 550 ಹಾಕಿಸುತ್ತೇನೆ. ಏಪ್ರಿಲ್‌ನಲ್ಲಿ ದಾವಣಗೆರೆಯ ಧಗೆ ಗೊತ್ತಲ್ಲ, ಆ ಬಿಸಿಗಾಳಿಯನ್ನೇ ಅದು ಒಳಗೆ ಎಳೆದುಕೊಳ್ಳಬೇಕು. 80 ಪ್ಲಸ್ ಬ್ರಾಂಜ್ ಇದ್ದರೆ ಒಳ್ಳೆಯದು, ಆದರೆ ಆ ಗುರುತು ಹೇಳೋದು ಕರೆಂಟ್ ಎಷ್ಟು ಪೋಲಾಗುತ್ತೆ ಅನ್ನೋದನ್ನ ಮಾತ್ರ. ಲೇಬಲ್ ಓದಲೇಬೇಕು. "ತೂಕ ನೋಡಿ ಸಾರ್, ಎತ್ತಿ ನೋಡಿ" ಅನ್ನುವವರಿದ್ದಾರೆ. ಎತ್ತಿ ನೋಡಿ ಕೊಳ್ಳೋಕೆ ಅದೇನು ಸಂತೆಯ ಕುರಿಯಾ?

ದುಡ್ಡು ಸಾಲದಿದ್ದರೆ ಬಣ್ಣದ ಲೈಟಿನ ಫ್ಯಾನ್ ಬಿಡಿ, ಗಾಜಿನ ಕ್ಯಾಬಿನೆಟ್ ಬಿಡಿ. ಬದಲಾಯಿಸುವವರೆಗೆ ಗೇಮ್ ಬೇಡ. ತೆಗೆದ ಹಳೇದನ್ನ ತಮ್ಮನ ಸಿಸ್ಟಮ್‌ಗೆ ಹಾಕಲೂ ಬೇಡಿ.

ಪ್ರಶ್ನೆ: ನನ್ನದೂ 5600. ಕಾರ್ಡ್ ಮುಂದಿನ ತಿಂಗಳು. ಎಚ್‌ಡಿಎಂಐ ಬೋರ್ಡಿಗೇ ಕೊಟ್ಟರೆ ಡಿಸ್‌ಪ್ಲೇ ಬರುತ್ತಿಲ್ಲ. (ಹರಿಹರ)

ಬರಲ್ಲ. 5600ರ ಒಳಗೆ ಗ್ರಾಫಿಕ್ಸ್ ಇಲ್ಲ, 5600ಜಿ ಆಗಿದ್ದರೆ ಬರುತ್ತಿತ್ತು. ಕಾಯಿರಿ.

ಪ್ರಶ್ನೆ: ಡಿಡಿಆರ್5 ರ‍್ಯಾಮ್ ನನ್ನ ಡಿಡಿಆರ್4 ಬೋರ್ಡಿಗೆ ಕೂರುತ್ತಿಲ್ಲ. ಕಚ್ಚು ಸ್ವಲ್ಪ ಉಜ್ಜಬಹುದಾ? (ಚಳ್ಳಕೆರೆ)

ಅರ ಕೆಳಗಿಡಿ. ಬಿಲ್ ಹಿಡಿದು ಅಂಗಡಿಗೆ ಹೋಗಿ.

ಪ್ರಶ್ನೆ: ಕರೆಂಟ್ ಹೋದಾಗ ಮ್ಯಾಚ್ ಮುಗಿಸೋಕೆ 600 ವಿಎ ಯುಪಿಎಸ್ ಸಾಕಾ? (ಚಿತ್ರದುರ್ಗ)

600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್, ಅದೂ ಕೆಲವೇ ನಿಮಿಷ. ಶಟ್‌ಡೌನ್ ಮಾಡೋಕೆ ಸಾಕು.

ಪ್ರಶ್ನೆ: ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಚಪ್ಪಲಿ ಹಾಕಿಕೊಂಡು ಆಡು ಅಂದ ಗೆಳೆಯ. (ಹೊಳಲ್ಕೆರೆ)

ಪ್ಲಗ್‌ನ ದಪ್ಪ ಪಿನ್ ಮುರಿದು 2 ಪಿನ್ ಸಾಕೆಟ್‌ಗೆ ಸಿಕ್ಕಿಸಿದ್ದೀರಾ? ಅಥವಾ ಸಾಕೆಟ್ಟಿಗೇ ಅರ್ತಿಂಗ್ ಇಲ್ಲವಾ? ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಒಂಚೂರು ಕರೆಂಟ್ ತಗಡಿಗೆ ಬಂದೇ ಬರುತ್ತೆ. ಅರ್ತಿಂಗ್ ಇದ್ದರೆ ಭೂಮಿಗೆ ಹೋಗುತ್ತೆ, ಇಲ್ಲದಿದ್ದರೆ ನಿಮ್ಮ ಕೈಗೆ. ಒಳಗೆ ಏನಾದರೂ ಶಾರ್ಟ್ ಆದ ದಿನ ಬರೀ ಜುಮ್ ಅನ್ನಲ್ಲ. ಇವತ್ತೇ ಪ್ಲಗ್ ಕಿತ್ತಿಡಿ, ಎಲೆಕ್ಟ್ರಿಷಿಯನ್ ಬಂದು ನೋಡುವವರೆಗೆ ಹಾಕಬೇಡಿ. ಗೆಳೆಯನ ಮನೆಯ ಸಾಕೆಟ್ಟನ್ನೂ ಅವರಿಗೇ ತೋರಿಸಿ.