ಟೀಚರಲ್ಲಿ ಕೇಳಿ: ಬಚ್ಚಲ ಒಲೆಯ ಬೂದಿ ಎಲ್ಲಿಗೆ ಹೋಗುತ್ತದೆ?

ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ಮನೆಯ ಕಸ, ಬಾವಿ, ಹಿತ್ತಿಲಿನ ಬಗ್ಗೆಯೇ ಇವೆ. ನನಗೆ ತುಂಬ ಖುಷಿಯಾಯಿತು. ನಮ್ಮ ಕಾಸರಗೋಡಿನ ಕಡೆ ಹೆಚ್ಚಿನ ಮನೆಗಳಿಗೆ ಸ್ವಂತ ಬಾವಿ ಇದೆ. ನಮ್ಮ ಜಾಗದಲ್ಲಿ ಸುಟ್ಟದ್ದು, ಚೆಲ್ಲಿದ್ದು, ಸಿಂಪಡಿಸಿದ್ದು ಮಳೆ ಬಂದಾಗ ಮುರಕಲ್ಲಿನ, ಅಂದರೆ ನಮ್ಮ ಕೆಂಪುಕಲ್ಲಿನ, ಸಂದಿಯಲ್ಲಿ ಇಳಿದು ಅದೇ ಬಾವಿಯ ಕಡೆ ಹೋಗುತ್ತದೆ. ಉತ್ತರ ಬರೆಯುವಾಗ ನಾನು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಟೀಚರೇ, ನಮ್ಮಲ್ಲಿ ಈಗಲೂ ಬಚ್ಚಲ ಒಲೆಯಲ್ಲೇ ಸ್ನಾನದ ನೀರು ಕಾಯಿಸುವುದು. ಬೆಳಿಗ್ಗೆ ಬೆಂಕಿ ಹಿಡಿಸಲು ಹಾಲಿನ ಪ್ಯಾಕೆಟ್, ಬಿಸ್ಕತ್ತಿನ ಕವರ್ ಹಾಕುವುದು ಅತ್ತೆಯವರ ಅಭ್ಯಾಸ. ಕಸವೂ ಮುಗಿಯಿತು, ಬೆಂಕಿಯೂ ಬೇಗ ಹಿಡಿಯಿತು ಎನ್ನುತ್ತಾರೆ. ಮನೆಯಲ್ಲಿ ಸಣ್ಣ ಮಗು ಇದೆ. ಅತ್ತೆಗೆ ಬೇಜಾರಾಗದ ಹಾಗೆ ಹೇಗೆ ಹೇಳಲಿ?
(ಒಬ್ಬ ಸೊಸೆ, ಪೆರ್ಲ)

ಉತ್ತರ: ನಿಮ್ಮ ಅತ್ತೆಯವರು ಒಬ್ಬರೇ ಅಲ್ಲ ಮಗಾ, ನಮ್ಮೂರಿನ ಎಷ್ಟೋ ಮನೆಗಳಲ್ಲಿ ಇದು ದಿನಾ ನಡೆಯುತ್ತದೆ. ಮೊದಲು ವಿಷಯ ಹೇಳುತ್ತೇನೆ, ಆಮೇಲೆ ಅತ್ತೆಗೆ ಹೇಳುವ ಕ್ರಮ.

ಬಚ್ಚಲ ಒಲೆಯ ಬೆಂಕಿ ಪ್ಲಾಸ್ಟಿಕ್ಕನ್ನು ಪೂರ್ತಿ ಸುಡುವಷ್ಟು ಬಿಸಿ ಇರುವುದಿಲ್ಲ. ಅರ್ಧ ಸುಟ್ಟು ಅರ್ಧ ಹೊಗೆಯಾಗುತ್ತದೆ. ಹಾಲಿನ ಪ್ಯಾಕೆಟ್ ಪಾಲಿಥೀನ್. ಬಿಸ್ಕತ್ತು, ಚಿಪ್ಸಿನ ಕವರಿನಲ್ಲಿ ಎರಡು ಮೂರು ಬಗೆಯ ಪ್ಲಾಸ್ಟಿಕ್ ಪದರ ಇರುತ್ತದೆ, ಒಳಗಿನ ಹೊಳಪು ಅಲ್ಯೂಮಿನಿಯಂನದು. ಇವುಗಳ ಜೊತೆ ಹಳೇ ಪಿವಿಸಿ ಪೈಪಿನ ತುಂಡೋ ವಯರೋ ಸೇರಿತೆಂದರೆ ಇನ್ನೂ ಕೆಟ್ಟದು. ಪಿವಿಸಿಯಲ್ಲಿ ಕ್ಲೋರಿನ್ ಇದೆ. ಅದು ಸುಡುವಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಡಯಾಕ್ಸಿನ್ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ದನದ ಹಾಲಿನ ಕೊಬ್ಬಿಗೂ ಸೇರುತ್ತದೆ. ಬಚ್ಚಲು ಮನೆಯಲ್ಲಿ ಹೊಗೆ ತುಂಬಿರುವಾಗಲೇ ನಾವು ಮಗುವನ್ನು ಎಣ್ಣೆ ಹಚ್ಚಿ ಮೀಯಿಸಲು ಕರೆದುಕೊಂಡು ಹೋಗುವುದು, ಅಲ್ವಾ?

ಇನ್ನು ಬೂದಿ. ನಾವು ಬೂದಿಯನ್ನು ಬಿಸಾಡುವವರಲ್ಲ. ಬಸಳೆ ಬುಡಕ್ಕೆ, ತೆಂಗಿನ ಬುಡಕ್ಕೆ ಹಾಕುತ್ತೇವೆ, ಕೆಲವರು ಪಾತ್ರೆಯನ್ನೂ ತಿಕ್ಕುತ್ತಾರೆ. ಬರೀ ಕಟ್ಟಿಗೆ, ಸಿಪ್ಪೆಯ ಬೂದಿಯಾದರೆ ಅದರಲ್ಲಿ ಪೊಟ್ಯಾಶ್ ಇದೆ, ಗಿಡಕ್ಕೆ ಒಳ್ಳೆಯದು. ಪ್ಲಾಸ್ಟಿಕ್ ಸುಟ್ಟ ಬೂದಿಯಲ್ಲಿ ಬಣ್ಣದ, ಲೋಹದ ಅಂಶವೆಲ್ಲ ಉಳಿದಿರುತ್ತದೆ. ಅದೇ ಬಸಳೆ ನಾಳೆ ಸಾಂಬಾರಿಗೆ ಬರುತ್ತದೆ.

ಈಗ ಅತ್ತೆಯ ವಿಷಯ. ಬೇಡ ಎಂದು ಹೇಳಲು ಹೋಗಬೇಡಿ. ಅವರಿಗೆ ಬೇಕಾದದ್ದು ಬೇಗ ಹಿಡಿಯುವ ಬೆಂಕಿ, ಅದಕ್ಕೆ ಬೇರೆ ದಾರಿ ಮಾಡಿಕೊಡಿ. ಒಣಗಿದ ತೆಂಗಿನ ಗರಿಯಷ್ಟು ಚೆನ್ನಾಗಿ ಬೆಂಕಿ ಹಿಡಿಯುವ ವಸ್ತು ನಮ್ಮ ಹಿತ್ತಿಲಲ್ಲಿ ಬೇರೆ ಇಲ್ಲ. ಮೊದಲು ಯಕ್ಷಗಾನ ನೋಡಿ ರಾತ್ರಿ ಮನೆಗೆ ಬರುವಾಗ ತೆಂಗಿನ ಗರಿಯ ಸೂಟೆ ಹಿಡಿದುಕೊಂಡು ಬರುತ್ತಿದ್ದರು. ಸೂಟೆ ಕಟ್ಟುವುದು ನಿಮ್ಮ ಅತ್ತೆಯ ಪ್ರಾಯದವರಿಗೆ ಖಂಡಿತ ಗೊತ್ತಿರುತ್ತದೆ. ಒಂದು ಮಧ್ಯಾಹ್ನ ಅವರ ಹತ್ತಿರ ಕೂತು ಕಲಿಸಿಕೊಡಲು ಕೇಳಿ. ಒಣ ಮಡಲಿನಿಂದ ಗರಿ ಬಿಡಿಸಿ, ಒಂದು ಹಿಡಿಯಷ್ಟು ಸೇರಿಸಿ, ಎರಡಾಗಿ ಮಡಚಿ, ಗರಿಯಿಂದಲೇ ನಡುವಿಗೆ ಬಿಗಿಯಾಗಿ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸುವುದು. ಒಂದು ದಿನಕ್ಕೆ ಒಂದು ಕಟ್ಟು. ವಿಷು ಕಳೆದ ಮೇಲೆ ಮಳೆ ಹಿಡಿಯುವ ಮೊದಲು ಬೇಕಾದಷ್ಟು ಕಟ್ಟಿ, ಬಚ್ಚಲು ಕೊಟ್ಟಿಗೆಯ ಅಟ್ಟಕ್ಕೆ ಏರಿಸಿ ಇಡಿ. ಪ್ಲಾಸ್ಟಿಕ್ ಜಾಸ್ತಿ ಒಲೆಗೆ ಹೋಗುವುದು ಮಳೆಗಾಲದಲ್ಲಿ, ಬೇರೆಲ್ಲ ಒದ್ದೆ ಇರುವಾಗ. ಹಾಗಾಗಿ ಈ ಕೆಲಸ ಈಗಲೇ ಆಗಬೇಕು.

ಹಾಲಿನ ಪ್ಯಾಕೆಟಿನ ಮೂಲೆ ಕತ್ತರಿಸುವಾಗ ತುಂಡು ಬೇರೆಯಾಗದ ಹಾಗೆ, ಒಂದು ಬದಿ ಅಂಟಿಕೊಂಡೇ ಇರುವ ಹಾಗೆ ಕತ್ತರಿಸಿ. ಆ ಚಿಕ್ಕ ಮೂಲೆಯನ್ನು ಆಮೇಲೆ ಯಾರೂ ಹೆಕ್ಕುವುದಿಲ್ಲ, ಅದು ಬಚ್ಚಲ ನೀರಿನಲ್ಲಿ ತೋಟ ಸೇರುತ್ತದೆ. ಪ್ಯಾಕೆಟ್ ತೊಳೆದು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸಿದರೆ ಸಂಜೆಗೆ ಒಣಗಿರುತ್ತದೆ.

ಪ್ರಶ್ನೆ: ತೊಳೆದು ಒಣಗಿಸಿದ ಪ್ಲಾಸ್ಟಿಕ್ ತೆಗೆದುಕೊಂಡು ಹೋಗಲು ಪಂಚಾಯತಿನ ಕಸ ಸಂಗ್ರಹದ ತಂಡವಾದ ಹರಿತ ಕರ್ಮ ಸೇನೆಯವರು ಬರುತ್ತಾರೆ. ತಿಂಗಳಿಗೆ 50 ರೂಪಾಯಿ. ನಮ್ಮ ಕಸಕ್ಕೆ ನಾವೇ ಯಾಕೆ ದುಡ್ಡು ಕೊಡಬೇಕು? ಅವರು ಕೊಟ್ಟ ಕಾರ್ಡ್ ಮಲಯಾಳದಲ್ಲಿದೆ, ನನಗೆ ಓದಲು ಬರುವುದಿಲ್ಲ.
(ನಿವೃತ್ತ ನೌಕರರು, ಕುಂಬಳೆ)

ಉತ್ತರ: ದಯವಿಟ್ಟು ಕೊಡಿ. ಬರುವವರು ನಿಮ್ಮದೇ ಊರಿನ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು. ಗುಡ್ಡ ಹತ್ತಿ, ಸಂಕ ದಾಟಿ, ಚೀಲ ಹೊತ್ತು ಮನೆ ಮನೆಗೆ ನಡೆಯುತ್ತಾರೆ. ಆ 50 ರೂಪಾಯಿಯೇ ಅವರ ದುಡಿಮೆ. ಅವರು ಒಯ್ದದ್ದನ್ನು ಪಂಚಾಯತಿನ ಶೆಡ್ಡಿನಲ್ಲಿ ಬೇರೆ ಬೇರೆ ಮಾಡುತ್ತಾರೆ. ಮತ್ತೆ ಬಳಕೆಗೆ ಬರುವುದು ಕಾರ್ಖಾನೆಗೆ ಹೋಗುತ್ತದೆ, ಕೆಲವನ್ನು ಪುಡಿ ಮಾಡಿ ರಸ್ತೆಯ ಡಾಮರಿಗೆ ಸೇರಿಸುತ್ತಾರೆ. ಮೀನಿನ ನೀರು, ಸಾಂಬಾರು ಮೆತ್ತಿದ ಕವರ್ ಕೊಟ್ಟರೆ ಅದನ್ನು ಬರಿಗೈಯಲ್ಲಿ ಬಿಡಿಸುವವರು ಇದೇ ಹೆಂಗಸರು. ಅದಕ್ಕೇ ತೊಳೆದು ಕೊಡಿ ಎನ್ನುವುದು.

ಕಾರ್ಡಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಭಾಷಾ ಅಲ್ಪಸಂಖ್ಯಾತರ ಊರಲ್ಲಿ ಸೂಚನೆ ಕನ್ನಡದಲ್ಲೂ ಇರಬೇಕು. ವಾರ್ಡ್ ಮೆಂಬರರಿಗೆ ಬರವಣಿಗೆಯಲ್ಲೇ ಕೊಡಿ, ಹತ್ತು ಮನೆಯವರು ಸಹಿ ಹಾಕಿ. ಅಲ್ಲಿಯವರೆಗೆ ಯಾವ ತಿಂಗಳು ಏನು ತೆಗೆದುಕೊಳ್ಳುತ್ತಾರೆ ಎಂದು ಬರುವವರ ಹತ್ತಿರವೇ ತುಳುವಿನಲ್ಲೋ ಕನ್ನಡದಲ್ಲೋ ಕೇಳಿ, ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ. ಗಾಜಿನ ಬಾಟಲಿ, ಚಪ್ಪಲಿ, ಹಳೇ ಬಲ್ಬಿಗೆ ಬೇರೆ ಬೇರೆ ತಿಂಗಳು ಇರುತ್ತದೆ.

ಪ್ರಶ್ನೆ: ಅಂಗಳದ ಸುತ್ತ, ತೋಟದ ದಾರಿಯಲ್ಲಿ ಹುಲ್ಲು ವಿಪರೀತ. ಆಳು ಸಿಗುವುದಿಲ್ಲ. ಕಳೆನಾಶಕ ಒಮ್ಮೆ ಬಿಟ್ಟರೆ ಆಯಿತು ಎಂದು ಅಂಗಡಿಯವರು ಹೇಳುತ್ತಾರೆ. ವರ್ಷಕ್ಕೆ ಒಂದೇ ಸಲ ತಾನೇ?
(ಕೃಷಿಕರು, ಎಣ್ಮಕಜೆ)

ಉತ್ತರ: ಎಣ್ಮಕಜೆಯಿಂದ ಈ ಪ್ರಶ್ನೆ ಬಂದದ್ದು ನೋಡಿ ನನಗೆ ಸಂಕಟವಾಯಿತು. ನಿಮ್ಮ ಮೇಲೆ ಸಿಟ್ಟಲ್ಲ. ಆಳು ಸಿಗದ ಕಷ್ಟ ನನ್ನ ತೋಟದಲ್ಲೂ ಇದೆ. ಆದರೆ ನಿಮ್ಮ ಊರು ಏನನ್ನು ಅನುಭವಿಸಿತು ಎಂಬುದನ್ನು ಹುಡುಗರಿಗೆ ನಾವೇ ಹೇಳದಿದ್ದರೆ ಮತ್ತ್ಯಾರು ಹೇಳುತ್ತಾರೆ?

1970ರ ದಶಕದ ಕೊನೆಯಿಂದ 2000ದವರೆಗೆ ಗುಡ್ಡದ ಮೇಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಅದೂ ವರ್ಷಕ್ಕೆ ಎರಡು ಮೂರು ಸಲ ಮಾತ್ರ. ಗೇರು ಗುಡ್ಡದ ಮೇಲೆ, ಮನೆಗಳು ಕೆಳಗೆ ಬೈಲಿನಲ್ಲಿ. ಮೇಲೆ ಬಿದ್ದದ್ದು ಮಳೆ ನೀರಿನ ಜೊತೆ ತೋಡಿಗೆ (ಸಣ್ಣ ಹಳ್ಳಕ್ಕೆ), ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗಕ್ಕೆ, ಬಾವಿಗೆ ಇಳಿಯಿತು. ಮೊದಲು ಜೇನು ಸತ್ತಿತು, ಕರುಗಳು ಊನವಾಗಿ ಹುಟ್ಟಿದವು, ಆಮೇಲೆ ಮಕ್ಕಳು. ಕ್ಲಾಸಿನಲ್ಲಿ ನನ್ನೆದುರು ಕೂತ ಮಕ್ಕಳ ತಮ್ಮ ತಂಗಿಯರು ಶಾಲೆಯ ಮೆಟ್ಟಿಲು ಹತ್ತಲಾಗದೆ ಮನೆಯ ಚಾಪೆಯಲ್ಲೇ ಉಳಿದದ್ದನ್ನು ನಾನು ಕಂಡಿದ್ದೇನೆ. 2011ರ ಏಪ್ರಿಲಿನಲ್ಲಿ ಲೋಕದ ದೇಶಗಳು ಸೇರಿ ಎಂಡೋಸಲ್ಫಾನನ್ನು ನಿಲ್ಲಿಸಲು ತೀರ್ಮಾನಿಸಿದವು. ಮೇ 13ಕ್ಕೆ ನಮ್ಮ ಸುಪ್ರೀಂ ಕೋರ್ಟ್ ಅದರ ತಯಾರಿ, ಮಾರಾಟ, ಬಳಕೆಯನ್ನು ತಡೆಯಿತು. ಅಷ್ಟು ಹೊತ್ತಿಗೆ ಒಂದು ತಲೆಮಾರೇ ನೋವು ತಿಂದಿತ್ತು.

ಕಳೆನಾಶಕ ಎಂಡೋಸಲ್ಫಾನ್ ಅಲ್ಲ, ಅದು ಬೇರೆ ಮದ್ದು. ಆದರೆ ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೇರಳ ಸರಕಾರ 2019ರಲ್ಲೇ ನಿಷೇಧಿಸಿತು. ಹೆಸರಿಲ್ಲದ ಡಬ್ಬಿ ಕೈಗೆ ಬಂದರೆ ಅದು ಏನೆಂದು ಕೇಳಿ. ಇನ್ನೊಂದು ವಿಷಯ ಗಮನಿಸಿ. ನಮ್ಮದು ಇಳಿಜಾರು ನೆಲ, ಅದರ ಮೇಲೆ ಅಬ್ಬರದ ಮಳೆ. ಹುಲ್ಲಿನ ಬೇರು ಸತ್ತರೆ ಮೇಲ್ಮಣ್ಣು ಒಂದೇ ಮಳೆಗೆ ತೋಡು ಸೇರುತ್ತದೆ, ಉಳಿಯುವುದು ಬೋಳು ಮುರ. ಹುಲ್ಲನ್ನು ಸಾಯಿಸುವುದು ಬೇಡ, ತಗ್ಗಿಸಿದರೆ ಸಾಕು. ಹೂ ಬಿಡುವ ಮೊದಲು ಮೆಷಿನ್ನಿನಲ್ಲಿ ಕತ್ತರಿಸಿ, ಕತ್ತರಿಸಿದ್ದನ್ನು ಅಡಿಕೆ ಬುಡಕ್ಕೆ ಹಾಕಿ. ಮೆಷಿನ್ ಕೊಳ್ಳಲಾಗದಿದ್ದರೆ ನಾಲ್ಕು ಮನೆಯವರು ಸೇರಿ ಒಂದು ತೆಗೆದುಕೊಳ್ಳಿ. ತೋಟದ ದಾರಿಗೆ ಅಡಿಕೆ ಸೋಗೆ, ಮಡಲನ್ನು ಒತ್ತೊತ್ತಾಗಿ ಹಾಸಿದರೆ ಅಲ್ಲಿ ಹುಲ್ಲು ಏಳುವುದು ಕಡಿಮೆ.

ಪ್ರಶ್ನೆ: ನಾನು ಕೆಲಸಕ್ಕಾಗಿ ಹೊಸೂರಿನಲ್ಲಿದ್ದೇನೆ, ಬಾಡಿಗೆ ಮನೆ. ಬಿದಿರಿನ ಬ್ರಷ್, ಸ್ಟೀಲ್ ಸ್ಟ್ರಾ, ಹೊಸ ಬಗೆಯ ಬಾಟಲಿ ಎಲ್ಲ ತರಿಸಬೇಕೆಂದಿದ್ದೇನೆ. ಮೊದಲು ಯಾವುದು ತೆಗೆದುಕೊಳ್ಳಲಿ?
(ಯುವಕ, ಹೊಸೂರು)

ಉತ್ತರ: ಸದ್ಯಕ್ಕೆ ಯಾವುದೂ ಬೇಡ. ಮನೆಯಲ್ಲಿರುವ ಪ್ಲಾಸ್ಟಿಕ್ ಬಕೆಟ್, ಡಬ್ಬಿಗಳನ್ನು ಒಡೆಯುವವರೆಗೂ ಬಳಸಿ. ಅಂಗಡಿಗೆ ಹೋಗುವಾಗ ಬಟ್ಟೆ ಚೀಲ ಹಿಡಿದುಕೊಳ್ಳಿ. ನಿಮ್ಮ ತಮಿಳುನಾಡಿನಲ್ಲಿ 2021ರ ಕೊನೆಗೆ ಹಳದಿ ಬಟ್ಟೆ ಚೀಲವನ್ನು ಮತ್ತೆ ಬಳಕೆಗೆ ತರಲು ಸರಕಾರವೇ ಹೊರಟಿತು, ಅದೊಂದು ಸಾಕು. ಫ್ಯಾನ್ ಹಾಳಾದ ದಿನ ಮಾತ್ರ ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಫ್ಯಾನ್ ಹಾಕಿಸಿ. ಹಳೇ ಫ್ಯಾನಿಗೆ 75 ವ್ಯಾಟ್ ಬೇಕಾದರೆ ಇದಕ್ಕೆ 30ರ ಹತ್ತಿರ.

ಪ್ರಶ್ನೆ: ಮಗನ ಉಪನಯನ ಇದೆ, ಸುಮಾರು 400 ಜನ. ಅಡುಗೆಯವರು ಪೇಪರ್ ಕಪ್, ಸಣ್ಣ ನೀರಿನ ಬಾಟಲಿ ಇಡೋಣ, ತೊಳೆಯುವ ರಗಳೆ ಇಲ್ಲ ಎನ್ನುತ್ತಾರೆ.
(ಒಬ್ಬ ತಾಯಿ, ಮುಳ್ಳೇರಿಯ)

ಉತ್ತರ: ಪೇಪರ್ ಕಪ್ ಬರೀ ಪೇಪರ್ ಅಲ್ಲ, ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಇದೆ. ಅದು ಗೊಬ್ಬರವೂ ಆಗುವುದಿಲ್ಲ, ಮತ್ತೆ ಕಾಗದವೂ ಆಗುವುದಿಲ್ಲ. ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧ ಇದೆ. ಊಟಕ್ಕೆ ಬಾಳೆ ಎಲೆಯೇ ಇರಲಿ, ಉಂಡ ಎಲೆ ದನಕ್ಕೆ ಅಥವಾ ಗೊಬ್ಬರ ಗುಂಡಿಗೆ ಹೋಗುತ್ತದೆ. ಸ್ಟೀಲ್ ಲೋಟ ಬಾಡಿಗೆಗೆ ಸಿಗುತ್ತದೆ. ತೊಳೆಯಲು ಇಬ್ಬರಿಗೆ ಸಂಬಳ ಕೊಟ್ಟರೆ ಬಾಟಲಿಗೆ ಹೋಗುವ ದುಡ್ಡು ಊರಿನವರ ಕೈಗೆ ಹೋಯಿತು. ಬಂದವರಿಗೆ ಬಾಯಾರಿಕೆಗೆ ಬೆಲ್ಲ ನೀರು ಕೊಡುವ ಊರು ನಮ್ಮದು. ಕೊಪ್ಪರಿಗೆಯಲ್ಲಿ ಲಾವಂಚ ಹಾಕಿದ ನೀರು, ಇನ್ನೊಂದರಲ್ಲಿ ಪುನರ್ಪುಳಿ ಶರಬತ್ತು ಇಡಿ. ಬಾಟಲಿ ಕೇಳುವವರು ಯಾರೂ ಇರುವುದಿಲ್ಲ.

ಪ್ರಶ್ನೆ: ಬಟ್ಟೆಗೆ ಸೋಪಿನ ಪುಡಿಯ ಬದಲು ಅಂಟುವಾಳ ಬಳಸುತ್ತಿದ್ದೇನೆ. ಇದು ಕಾಯಿ ತಾನೇ, ತೋಡಿನಲ್ಲೇ ಒಗೆಯಬಹುದಾ?
(ಕಾಲೇಜು ವಿದ್ಯಾರ್ಥಿನಿ, ಮಂಜೇಶ್ವರ)

ಉತ್ತರ: ಬೇಡ ಮಗಳೇ. ಅಂಟುವಾಳದ ನೊರೆ ಬರುವುದು ಸಪೋನಿನ್ ಎಂಬ ಅಂಶದಿಂದ, ಅದು ಮೀನಿಗೆ ವಿಷ. ಬಕೆಟಿನಲ್ಲಿ ಒಗೆದು ನೀರನ್ನು ಬಾಳೆಯ ಬುಡಕ್ಕೆ ಬಿಡು. ಮಣ್ಣಿನಲ್ಲಿ ಅದು ಕರಗಿ ಹೋಗುತ್ತದೆ.

ಪ್ರಶ್ನೆ: ನಮ್ಮ ಬಾವಿ ಏಪ್ರಿಲಿನಲ್ಲಿ ಬತ್ತುತ್ತದೆ. ಬೋರ್‌ವೆಲ್ ಕೊರೆಸಿ ಎಂದು ಎಲ್ಲರೂ ಹೇಳುತ್ತಾರೆ. ಮಾಡಿನ (ಛಾವಣಿಯ) ಮಳೆ ನೀರು ಬಾವಿಗೆ ಬಿಟ್ಟರೆ ಪ್ರಯೋಜನ ಇದೆಯಾ?
(ಗೃಹಿಣಿ, ಬದಿಯಡ್ಕ)

ಉತ್ತರ: ಖಂಡಿತ ಇದೆ. ಲೆಕ್ಕ ನೋಡಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. 1000 ಚದರ ಅಡಿಯ ಮಾಡಿನ ಮೇಲೆ ಬೀಳುವ ನೀರು ಸುಮಾರು ಎರಡೂಮುಕ್ಕಾಲು ಲಕ್ಷ ಲೀಟರ್. ಈಗ ಅದಷ್ಟೂ ಅಂಗಳದಿಂದ ರಸ್ತೆಗೆ, ರಸ್ತೆಯಿಂದ ತೋಡಿಗೆ, ತೋಡಿನಿಂದ ಕಡಲಿಗೆ ಹೋಗುತ್ತದೆ.

ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿ, ಪೈಪಿನಲ್ಲಿ ಒಂದು ಡ್ರಮ್ಮಿಗೆ ತನ್ನಿ. ಡ್ರಮ್ಮಿನ ಅಡಿಗೆ ದಪ್ಪ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ಗೆರಟೆಯ ಇದ್ದಿಲು, ಎಲ್ಲದರ ಮೇಲೆ ತೊಳೆದ ಹೊಯ್ಗೆ. ಎಡೆಯಲ್ಲಿ ನೈಲಾನ್ ಬಲೆ ಹಾಕಿದರೆ ಒಂದಕ್ಕೊಂದು ಬೆರೆಯುವುದಿಲ್ಲ. ಅಡಿಯಿಂದ ಪೈಪ್ ಬಾವಿಗೆ. ಮೊದಲ ಕೆಲವು ಮಳೆಯ ನೀರನ್ನು ಬಾವಿಗೆ ಬಿಡಬೇಡಿ, ಮಾಡಿನ ಧೂಳು, ಹಕ್ಕಿ ಹಿಕ್ಕೆ ತೊಳೆದು ಹೋಗಲಿ. ಅದಕ್ಕೆ ಡ್ರಮ್ಮಿನ ಮೊದಲು ಒಂದು ವಾಲ್ವ್ ಇರಲಿ. ಇಂಗುಗುಂಡಿ ತೋಡುವುದಾದರೆ ಕಡಿದಾದ ಬರೆಯ ಮೇಲ್ಭಾಗದಲ್ಲಿ ಬೇಡ, ನೀರು ತುಂಬಿ ಮಣ್ಣು ಜರಿಯುವ ಅಪಾಯ ಇದೆ.

ಮುರಕಲ್ಲಿನಲ್ಲಿ ನೀರು ನಿಂತಲ್ಲಿ ನಿಲ್ಲುವುದಿಲ್ಲ. ನೀವು ಇಳಿಸಿದ್ದು ಸ್ವಲ್ಪ ಕೆಳಗಿನ ಮನೆಯ ಬಾವಿಗೂ ಹೋಗುತ್ತದೆ. ಅವರನ್ನೂ ಸೇರಿಸಿಕೊಳ್ಳಿ. ಏತಡ್ಕದ ಕೃಷಿಕರು ಮಳೆ ನಿಂತ ಮೇಲೆ ತೋಡಿಗೆ ಕಟ್ಟ, ಅಂದರೆ ನೀರು ನಿಲ್ಲಿಸುವ ಒಡ್ಡು, ಹಾಕುವುದು ಹೀಗೆ ಸೇರಿಯೇ. ಕಟ್ಟದ ನೀರು ಎರಡೂ ಬದಿಯ ಬಾವಿಗಳಿಗೆ ಇಂಗುತ್ತದೆ. ನಿಮ್ಮ ಬೈಲಿನಲ್ಲಿ ಹಳೇ ಕಟ್ಟದ ಜಾಗ ಇದೆಯೇ ಎಂದು ಹಿರಿಯರಲ್ಲಿ ವಿಚಾರಿಸಿ. ಅದು ಡಿಸೆಂಬರಿನ ಕೆಲಸ. ದಂಬೆಯದು ಮಾತ್ರ ಈ ತಿಂಗಳೇ ಆಗಬೇಕು. ಮೇ ಕೊನೆಗೆ ಎಲ್ಲರೂ ಮಾಡಿನ ಕೆಲಸಕ್ಕೆ ಕರೆಯುವುದರಿಂದ ಆಗ ಜನ ಸಿಗುವುದು ಕಷ್ಟ.